ಎರಡರಲ್ಲಿ ಒಂದು

ಹೋದ ವರ್ಷ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗೆ ನನ್ನನ್ನು ಕುಂದಾಪುರಕ್ಕೆ, ನಾನೇ ಓದಿದ ಕಾಲೇಜಿಗೆ, ಪರೀಕ್ಷಕಿಯಾಗಿ ಹಾಕಿದ್ದರು. ಪ್ರಾಣಿಶಾಸ್ತ್ರದ ಲ್ಯಾಬಿನ ಬಾಗಿಲು ತೆಗೆದದ್ದೇ ಫಾರ್ಮಲಿನ್ ವಾಸನೆ ಮೂಗಿಗೆ ಅಡರಿತು. ಬ್ರಹ್ಮಾವರದಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲೂ ಇದೇ ವಾಸನೆ ದಿನಾ ಇರುತ್ತದೆ, ಅಲ್ಲಿ ನನಗೆ ಏನೂ ಅನ್ನಿಸುವುದಿಲ್ಲ. ಇಲ್ಲಿ ಮಾತ್ರ ಕಾಲು ಬಾಗಿಲಲ್ಲೇ ನಿಂತಿತು. ಕಿಟಕಿಯ ಪಕ್ಕದ ಬೆಂಚು ಹಾಗೇ ಇತ್ತು. 2003ರ ಮಳೆಗಾಲದಲ್ಲಿ ಆ ಬೆಂಚಿನಲ್ಲಿ ಕೂತು ಕೇಳಿದ ಒಂದು ಪಾಠ ನಮ್ಮ ಮನೆಯನ್ನು ಬುಡದಿಂದ ಅಲುಗಾಡಿಸಿತ್ತು. ಪರೀಕ್ಷೆಗೆ ಬಂದ ಮಕ್ಕಳು ಕಪ್ಪೆಯ ಎಲುಬು ಗುರುತಿಸುತ್ತಿದ್ದ ಹೊತ್ತಿಗೆಲ್ಲ ನಾನು ಆ ವರ್ಷದಲ್ಲೇ ಇದ್ದೆ.

ಆಗ ನನಗೆ ಬಿ.ಎಸ್ಸಿ. ಕೊನೆಯ ವರ್ಷ. ಮನೆ ಬೀಜಾಡಿಯಲ್ಲಿ, ಸಮುದ್ರಕ್ಕೆ ಎಷ್ಟು ಹತ್ತಿರವೆಂದರೆ ಜೂನ್ ತಿಂಗಳಲ್ಲಿ ಅಂಗಳದ ತುಳಸಿಯ ಎಲೆ ನೆಕ್ಕಿದರೆ ಉಪ್ಪು. ಅಪ್ಪ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವರು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರುವುದರಿಂದ ಅವರು ಮನೆಯಲ್ಲೇ ಇದ್ದರು. ಅಮ್ಮ ಕೋಟೇಶ್ವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಆ ದಿನಗಳಲ್ಲಿ ಒಣಮೀನಿನ ಬುಟ್ಟಿ ಮಾತ್ರ. ನಾವು ಮೂವರು ಮಕ್ಕಳು. ಸುಮಿತ್ರಕ್ಕ ದೊಡ್ಡವಳು, ನಡುವಿನವನು ರಘು ಅಣ್ಣ, ಕೊನೆಯವಳು ನಾನು, ಗಿರಿಜ.

ಅಣ್ಣನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟದ ಕಾಯಿಲೆ. ಎಲ್ಲಾದರೂ ಸ್ವಲ್ಪ ತಾಗಿದರೆ ಗಂಟಿನೊಳಗೇ ರಕ್ತ ಇಳಿದು ಮೊಣಕಾಲು ಕುಂಬಳಕಾಯಿಯಷ್ಟಾಗುತ್ತಿತ್ತು. ಹಾಗೆ ಆಗಿ ಆಗಿ ಎರಡೂ ಮೊಣಕಾಲು ಮಡಚಿಕೊಂಡೇ ಉಳಿದವು. ಕಡಲಿಗೆ ಹೋಗುವುದು ಅವನ ಹಣೆಯಲ್ಲಿ ಇರಲಿಲ್ಲ. ಜಗುಲಿಯಲ್ಲಿ ಕಾಲು ಚಾಚಿ ಕೂತು ಊರಿನವರ ಬಲೆ ಸರಿಮಾಡುತ್ತಿದ್ದ. ಅಮ್ಮನ ತಮ್ಮನಿಗೂ ಇದೇ ಇತ್ತಂತೆ. ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ, ನಾವು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಇದು ಗಂಡುಮಕ್ಕಳ ಕಾಯಿಲೆ, ಹೆಣ್ಣುಮಕ್ಕಳು ಅದನ್ನು ಬರೀ ಮಕ್ಕಳಿಗೆ ದಾಟಿಸುವವರು ಎಂದು ನಮಗೆಲ್ಲ ಗೊತ್ತಿತ್ತು. ಅಣ್ಣನನ್ನು ಚಿಕ್ಕವನಿದ್ದಾಗ ನೋಡಿದ ಡಾಕ್ಟರೂ ಹಾಗೇ ಹೇಳಿದ್ದರು, ಪುಸ್ತಕದಲ್ಲೂ ಹಾಗೇ ಇತ್ತು.

ದಾಟಿಸುವವರು ಎಂಬ ಆ ಮಾತಿಗೆ ಹೆದರಿಯೇ ಅಕ್ಕನ ಮದುವೆಯಲ್ಲಿ ಮನೆಯವರು ಒಂದು ಸುಳ್ಳು ಹೇಳಿದ್ದರು. ಗಂಡಿನ ಮನೆ ಬೈಂದೂರು ಕಡೆಯ ಉಪ್ಪುಂದ. ಭಾವ ಅಲ್ಲಿ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್. ಹೆಣ್ಣು ನೋಡಲು ಬಂದವರು ಜಗುಲಿಯಲ್ಲಿ ಕೂತ ಅಣ್ಣನ ಕಾಲು ಕಂಡು ಕೇಳಿದಾಗ ಅಮ್ಮ, ಸಣ್ಣವನಿದ್ದಾಗ ತೆಂಗಿನಮರದಿಂದ ಬಿದ್ದ ಎಂದಿದ್ದಳು. ಅಣ್ಣ ತಲೆ ಎತ್ತಲಿಲ್ಲ. ಬಲೆಯ ಕಣ್ಣಿಗೆ ಸೂಜಿ ಪೋಣಿಸುತ್ತಲೇ ಇದ್ದ.

ಆ ಜೂನಿನಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಸಮುದ್ರದ ಬೊಬ್ಬೆಗೆ ನಿದ್ದೆ ಬರುವುದಿಲ್ಲ ಎಂದು ದೂರುತ್ತಿದ್ದಳು. ಹುಟ್ಟಿ ಬೆಳೆದ ಮನೆಯಲ್ಲೇ ಅವಳಿಗೆ ಹಾಗಾದದ್ದು ನಮಗೆ ನಗೆ. ಅಣ್ಣ ಅವಳಿಗೆಂದು ಹಳೇ ಬಲೆಯ ಜೋಕಾಲಿ ಹೆಣೆದ. ಅವಳು ಅದರಲ್ಲಿ ಕೂತು ಹುರಿದ ಹಲಸಿನ ಬೀಜ ತಿನ್ನುತ್ತಾ ಮಳೆ ನೋಡುತ್ತಿದ್ದಳು.

ಜುಲೈ ಮೊದಲಲ್ಲಿ ಕಾಲೇಜಿನಲ್ಲಿ ಅನುವಂಶೀಯತೆಯ ಪಾಠ ಶುರುವಾಯಿತು. ನಮ್ಮ ಮೇಡಂ ಆಗಷ್ಟೇ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವರು, ಪುಸ್ತಕ ಮುಚ್ಚಿಟ್ಟು ಪಾಠ ಮಾಡುತ್ತಿದ್ದರು. ಅವತ್ತು ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಅವರು ಬೆಂಚುಗಳ ನಡುವೆ ಬಂದು ನಿಂತು ಮಾತಾಡಬೇಕಾಯಿತು.

"ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದೇ. ಅದರಲ್ಲಿ ಲಿಂಗಕ್ಕೆ ಸಂಬಂಧವೇ ಇಲ್ಲದ ಎಷ್ಟೋ ಕೆಲಸದ ಜೀನುಗಳಿವೆ. ಹಾಗಾದರೆ ಹೆಣ್ಣಿನಲ್ಲಿ ಎಲ್ಲವೂ ಎರಡು ಪಾಲು ತಯಾರಾಗಬೇಕಲ್ಲ? ಆಗುವುದಿಲ್ಲ. ಯಾಕೆ?"

ಅವರೇ ಹೇಳಿದರು. ಒಂದೊಂದು ಜೀವಿ ಒಂದೊಂದು ದಾರಿ ಹಿಡಿದಿದೆ. ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ನೊಣದಲ್ಲಿ ಗಂಡು ತನ್ನ ಒಂದೇ ಎಕ್ಸ್‌ನಿಂದ ಎರಡರಷ್ಟು ಕೆಲಸ ಮಾಡಿಸಿಕೊಳ್ಳುತ್ತದೆ. ಮಣ್ಣಿನಲ್ಲಿರುವ ಒಂದು ಜಾತಿಯ ಪುಟ್ಟ ದುಂಡುಹುಳ ಇದೆ, ಅದರಲ್ಲಿ ಎರಡು ಎಕ್ಸ್ ಇರುವ ಜೀವಿ ಎರಡನ್ನೂ ತಗ್ಗಿಸಿ ಅರ್ಧರ್ಧ ಕೆಲಸ ಮಾಡಿಸುತ್ತದೆ. ಕೋಳಿಯಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಹುಂಜಕ್ಕೆ ಎರಡು, ಹೇಂಟೆಗೆ ಒಂದು. ಅವು ಹೇಗೆ ಸರಿದೂಗಿಸುತ್ತವೆ ಎಂಬುದು ಇನ್ನೂ ಸರಿಯಾಗಿ ತಿಳಿದಿಲ್ಲ ಎಂದರು. (ಕೋಳಿಗಳು ಪೂರ್ತಿ ಸರಿದೂಗಿಸುವುದೇ ಇಲ್ಲ, ಕೆಲವು ಜೀನುಗಳಲ್ಲಿ ಮಾತ್ರ ಅಷ್ಟಿಷ್ಟು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.)

"ನಾವು?" ಯಾರೋ ಕೇಳಿದರು.

"ನಾವು ಒಂದನ್ನು ಮುಚ್ಚಿಬಿಡುತ್ತೇವೆ. ಹೆಣ್ಣು ಭ್ರೂಣ ಇನ್ನೂ ಕಾಳಿಗಿಂತ ಚಿಕ್ಕದಿರುವಾಗಲೇ ಪ್ರತಿ ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುದುಡಿ ಮೂಲೆಗಿಡುತ್ತದೆ. ಒಂದು ಕೋಶ ತಂದೆಯಿಂದ ಬಂದದ್ದನ್ನು ಮುಚ್ಚಿದರೆ ಪಕ್ಕದ್ದು ತಾಯಿಯಿಂದ ಬಂದದ್ದನ್ನು ಮುಚ್ಚಬಹುದು. ಆ ಕೋಶದಿಂದ ಹುಟ್ಟುವ ಕೋಶಗಳಲ್ಲೆಲ್ಲ ಅದೇ ಮುಚ್ಚಿರುತ್ತದೆ. ಕ್ಯಾಂಟೀನ್ ಹತ್ತಿರ ಕಪ್ಪು, ಕೇಸರಿ ತೇಪೆ ತೇಪೆಯ ಬೆಕ್ಕಿದೆಯಲ್ಲ, ಅದು ಹೆಣ್ಣು. ಕಪ್ಪಿರುವಲ್ಲಿ ಒಂದು ಎಕ್ಸ್ ಮುಚ್ಚಿದೆ, ಕೇಸರಿ ಇರುವಲ್ಲಿ ಇನ್ನೊಂದು."

ನಾನು ಎದ್ದು ನಿಂತು ಕೇಳಿದೆ. "ಯಾವುದನ್ನು ಮುಚ್ಚಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ ಮೇಡಂ?"

"ಯಾರೂ ಇಲ್ಲ. ಅದು ಬಿದ್ದಂತೆ ಬೀಳುವುದು. ಸಾಧಾರಣವಾಗಿ ಅರ್ಧಕ್ಕರ್ಧ ಆಗುತ್ತದೆ."

"ಒಂದೇ ಕಡೆಯದ್ದು ಜಾಸ್ತಿ ಮುಚ್ಚಿದ್ರೆ?"

"ಆಗಬಹುದು. ಅಪರೂಪ. ಒಳ್ಳೆಯ ಜೀನಿರುವ ಎಕ್ಸ್ ಹೆಚ್ಚು ಮುಚ್ಚಿಹೋದರೆ ಆ ಹೆಣ್ಣು, ಅದು ಇದ್ದೂ ಇಲ್ಲದವಳ ಹಾಗೆ."

ನಾನು ಕೂತೆ. ಮುಂದಿನ ಪಾಠ ಕಿವಿಗೆ ಹೋಗಲಿಲ್ಲ. ಅಣ್ಣನ ಕಾಯಿಲೆಯ ಜೀನು ಇರುವುದೂ ಎಕ್ಸ್‌ನಲ್ಲೇ. ಬಳೆಗಾರ ಕೈ ಅಮುಕಿ ಬಳೆ ತೊಡಿಸಿದರೆ ಅಕ್ಕನ ಮುಂಗೈ ನೀಲಿಗಟ್ಟುತ್ತಿತ್ತು. ಮೂಗು ಚುಚ್ಚಿಸಿದ ದಿನ ಸಂಜೆಯವರೆಗೂ ಬಟ್ಟೆ ಒತ್ತಿ ಹಿಡಿದು ಕೂತಿದ್ದಳು. ಮುಟ್ಟಾದರೆ ವಾರ ಕಳೆದರೂ ಮುಗಿಯುತ್ತಿರಲಿಲ್ಲ, ಶಾಲೆಗೆ ಹೋಗುವಾಗ ಲಂಗದ ಮೇಲೆ ಲಂಗ ಹಾಕುತ್ತಿದ್ದಳು. ಕೇಳಿದರೆ ಅಮ್ಮ, ಅವಳ ಮೈಯೇ ಹಾಗೆ ಎನ್ನುತ್ತಿದ್ದಳು. ಬಸ್ಸಿನಲ್ಲಿ ನೀರು ಸೋರುವ ಕಿಟಕಿಯ ಪಕ್ಕ ಕೂತು ನಾನು ಆ ಹುಳದ ಬಗ್ಗೆಯೇ ಯೋಚಿಸಿದೆ. ನಾವೂ ಹುಳದ ಹಾಗೆ ಎರಡರಿಂದಲೂ ಅರ್ಧರ್ಧ ಮಾಡಿಸಿಕೊಳ್ಳುತ್ತಿದ್ದರೆ ರಕ್ತ ಹೆಪ್ಪುಗಟ್ಟಿಸುವ ಅಂಶ ಅಕ್ಕನಿಗೆ ಅರ್ಧವಾದರೂ ಖಂಡಿತ ಸಿಗುತ್ತಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಒಲೆಯ ಮೇಲೆ ಸಾಂಬಾರಿನಂಥ ಕೊದಿಲು ಕುದಿಯುವುದನ್ನೇ ನೋಡುತ್ತಿದ್ದಳು.

"ಹೆಣೆ," ಎಂದಳು, ನಮ್ಮ ಕಡೆ ಹುಡುಗಿಯನ್ನು ಕರೆಯುವಂತೆ. "ಅದ್ ಗಂಡ್ ಮಕ್ಳ ಕಾಯ್ಲೆ. ಹೆಣ್ಣಿಗೆ ಬತ್ತಿಲ್ಲೆ. ನಿನ್ ಕಾಲೇಜಿನ ಪಾಠ ಕಾಲೇಜಲ್ಲೇ ಇರ್ಲಿ."

"ಹೆರಿಗೆಲಿ ರಕ್ತ ನಿಲ್ದೇ ಹೋದ್ರೆ ಎಂತ ಮಾಡುದ್ ಅಮ್ಮ? ಡಾಕ್ಟ್ರಿಗೆ ಮೊದ್ಲೇ ಹೇಳ್ಕ್. ಮಣಿಪಾಲದಲ್ಲಿ ರಕ್ತ ಪರೀಕ್ಷೆ ಮಾಡಿ ಕಾಂತ್ರ್."

ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿತ್ತು. "ಬೇಡ ಗಿರಿಜ," ಎಂದಳು. "ಈಗಳ್ ಹೇಳ್ರೆ ಅವ್ರ್ ಎಂತ ಎಣಿಸ್ತ್ರ್? ಸುಳ್ಳ್ ಹೇಳಿ ಮದಿ ಮಾಡಿದ್ರ್ ಅಂತ್ರ್. ನಾನ್ ಆ ಮನೆಗ್ ಮತ್ತೆ ಹ್ಯಾಂಗ್ ಹೋಪುದ್?"

ಜಗುಲಿಯಿಂದ ಅಣ್ಣನ ದನಿ ಬಂತು. ಅವನು ದನಿ ಏರಿಸುವವನಲ್ಲ. "ಒಂದ್ ಸೂಜಿ ಚುಚ್ಚಿ ಕಾಂಬುದ್ರಲ್ಲಿ ಎಂತ ಹೋತ್ತ್ ಅಮ್ಮ?"

"ನೀ ಸುಮ್ನಿರ್."

"ಸುಮ್ನೇ ಇದ್ದೆ ಅಲ್ದಾ ಇಷ್ಟ್ ದಿನ. ನಾನ್ ಒಂದ್ ಮರನೂ ಹತ್ತಿದವ ಅಲ್ಲ. ಮರದಿಂದ ಬಿದ್ದವ ಅಂದೇಳಿ ಎಷ್ಟ್ ವರ್ಷ ಕೂಕಂಬುದ್?"

ಅಮ್ಮ ಸೌದೆಯನ್ನು ಒಲೆಯೊಳಗೆ ದೂಡಿದಳು. ಅಪ್ಪ ಅಷ್ಟರವರೆಗೆ ಬೀಡಿ ಸೇದುತ್ತಾ ಕೂತಿದ್ದವರು ನಿಧಾನ ಹೇಳಿದರು. "ಡಾಕ್ಟ್ರ್ ಹತ್ರ ಹೇಳುವ. ಅವ್ರ್ ಯಾರ ಹತ್ರವೂ ಹೇಳುದಿಲ್ಲೆ." ಮುಂದಿನ ಸಲ ತೋರಿಸಲು ಹೋದಾಗ ಹೇಳುತ್ತೇನೆ ಎಂದು ಅಮ್ಮ ಒಪ್ಪಿಕೊಂಡಳು. ಜೊತೆಗೆ ನಾನೂ ಹೊರಟೆ.

ಆದರೆ ಆ ದಿನ ಕುಂದಾಪುರದ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಅಕ್ಕನ ಅತ್ತೆ ನಿಂತಿದ್ದರು. ಸೊಸೆಯನ್ನು ನೋಡದೆ ತಿಂಗಳಾಯಿತೆಂದು ಉಪ್ಪುಂದದಿಂದ ಬಸ್ಸು ಹತ್ತಿ ಬಂದಿದ್ದರು. ಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಹಲಸಿನ ಹಣ್ಣಿನ ಕಡುಬು. ಪ್ರೀತಿಯ ಹೆಂಗಸು, ನಾನು ಸುಳ್ಳು ಹೇಳಬಾರದು. ನಮ್ಮೊಟ್ಟಿಗೆ ಅವರೂ ಒಳಗೆ ಬಂದರು.

ಡಾಕ್ಟರಮ್ಮ ಅಕ್ಕನ ಹೊಟ್ಟೆ ನೋಡಿದರು, ತೂಕ ನೋಡಿದರು. ಎಲ್ಲ ಚೆನ್ನಾಗಿದೆ ಎಂದರು. ಕೊನೆಗೆ ಕೇಳಿದರು. "ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ, ರಕ್ತದ ತೊಂದರೆ, ಹಾಗೆ ಏನಾದರೂ ಇದೆಯಾ?"

ಅಮ್ಮ ಒಮ್ಮೆ ಬೀಗಿತಿಯ ಮುಖ ನೋಡಿದಳು. "ಇಲ್ಲೆ ಡಾಕ್ಟ್ರೆ. ಎಂತದೂ ಇಲ್ಲೆ."

ಅಕ್ಕ ನೆಲ ನೋಡುತ್ತಿದ್ದಳು. ಡಾಕ್ಟರಮ್ಮ ಇನ್ನೊಂದು ಚೀಟಿ ಹರಿದು ಬರೆದರೆ ಮುಗಿಯಿತು, ಹೊರಗೆ ಹೋಗಬೇಕು.

"ಇದೆ ಡಾಕ್ಟ್ರೆ," ಎಂದೆ. "ಅಣ್ಣನಿಗೆ ಹಿಮೋಫಿಲಿಯಾ. ಅಮ್ಮನ ತಮ್ಮ ಅದರಲ್ಲೇ ತೀರಿಹೋದದ್ದು. ಅಕ್ಕನಿಗೂ ಇರಬಹುದು ಅಂತ ನನಗೆ ಹೆದರಿಕೆ."

ಹೆಂಗಸರಿಗೆ ಸಾಮಾನ್ಯವಾಗಿ ಬರುವುದಿಲ್ಲವಮ್ಮ ಎನ್ನುತ್ತಲೇ ಡಾಕ್ಟರಮ್ಮ ಅಕ್ಕನ ಸೀರೆಯ ಸೆರಗು ಸರಿಸಿ ಮೊಣಕೈ ನೋಡಿದರು. ಹಿಂದಿನ ತಿಂಗಳು ರಕ್ತ ತೆಗೆದ ಜಾಗದಲ್ಲಿ ಅಂಗೈ ಅಗಲದ ಕಲೆ ಇನ್ನೂ ಹಸಿರು ನೀಲಿಯಾಗಿ ಉಳಿದಿತ್ತು. ಅವರು ಮಾತು ನಿಲ್ಲಿಸಿದರು. ಆ ತೋಳನ್ನೇ ಹಿಡಿದುಕೊಂಡು, ನಾಳೆಯೇ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಂದರು.

ರಸ್ತೆಗೆ ಬಂದ ಮೇಲೆ ಅಕ್ಕನ ಅತ್ತೆ ಕೊಡೆ ಬಿಡಿಸಿದರು. ಕಡುಬಿನ ಚೀಲವನ್ನು ಅಕ್ಕನ ಕೈಗೇ ಕೊಟ್ಟರು. ಆಮೇಲೆ ಅಮ್ಮನ ಕಡೆ ತಿರುಗಿ ಒಂದೇ ಮಾತು ಕೇಳಿದರು. "ಹೆಣ್ಣ್ ಕೊಡುವತಿಗೆ ನಿಮ್ಗೆ ಬಾಯಿ ಇರ್ಲಿಲ್ಯಾ?" ಉತ್ತರಕ್ಕೆ ಕಾಯದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವತ್ತಿನಿಂದ ಅಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಲೆಗೆ ಎಣ್ಣೆ ತೆಗೆದಿಡುತ್ತಿದ್ದಳು, ಮಾತು ಮಾತ್ರ ಇಲ್ಲ.

ಮಣಿಪಾಲದ ಪರೀಕ್ಷೆಯಲ್ಲಿ ಅಕ್ಕನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶ ಅಣ್ಣನಿಗಿಂತ ಸ್ವಲ್ಪವೇ ಮೇಲಿತ್ತು. ಅಲ್ಲಿನ ಡಾಕ್ಟರು ವಯಸ್ಸಾದವರು, ಕುರ್ಚಿ ಎಳೆದು ಅಮ್ಮನ ಎದುರು ಕೂತು ವಿವರಿಸಿದರು. ನಿಮ್ಮ ಮಗಳಿಗೆ ಒಳ್ಳೆಯದೂ ಒಂದಿದೆ, ಆದರೆ ಹೆಚ್ಚಿನ ಕಡೆ ಅದೇ ಮುಚ್ಚಿಕೊಂಡಿದೆ ಎಂದರು.

"ಅದ್ನ ತೆಗೂಕೆ ಆತಿಲ್ಯಾ?" ಎಂದು ಅಮ್ಮ ಕೇಳಿದಳು.

"ಇಲ್ಲಮ್ಮ. ಒಮ್ಮೆ ಮುಚ್ಚಿದ್ದು ಮುಚ್ಚಿದ್ದೇ."

ಹೊಟ್ಟೆಯಲ್ಲಿದ್ದದ್ದು ಗಂಡೋ ಹೆಣ್ಣೋ ಕೇಳುವಂತಿರಲಿಲ್ಲ. ಗಂಡೇ ಇರಬಹುದೆಂದು ಎಣಿಸಿ ಎಲ್ಲ ಜಾಗ್ರತೆ ಮಾಡಬೇಕು, ಮಗುವಿನ ತಲೆಗೆ ಇಕ್ಕಳ ಹಾಕಿ ಎಳೆಯುವಂತಿಲ್ಲ, ಹೆರಿಗೆ ಅಲ್ಲೇ ಆಗಬೇಕು, ಹೆಪ್ಪುಗಟ್ಟಿಸುವ ಅಂಶವಿರುವ ಪ್ಲಾಸ್ಮಾ ತಯಾರಿರಬೇಕು ಎಂದರು.

ಭಾವ ಬಂದದ್ದು ಒಂದು ಭಾನುವಾರ. ಜಗುಲಿಯಲ್ಲಿ ಕೂತರು, ಕೊಟ್ಟ ಚಾ ಆರಿ ಕೆನೆಗಟ್ಟಿತು. ಅಣ್ಣನೇ ಮಾತು ತೆಗೆದ.

"ಭಾವ, ನಾನ್ ಮರದಿಂದ ಬಿದ್ದದ್ದಲ್ಲ."

"ಗೊತ್ತಾಯ್ತ್."

"ಅಕ್ಕಂಗೆ ಇತ್ತ್ ಅಂದೇಳಿ ಅವ್ಳಿಗೂ ಗೊತ್ತಿರ್ಲಿಲ್ಲೆ. ನಂದ್ ಮುಚ್ಚಿಟ್ಟದ್ದ್ ಹೌದ್. ಬೈಯೂದಾರೆ ನಂಗೆ ಬೈನಿ."

ಭಾವ ಆರಿದ ಚಾದ ಲೋಟವನ್ನು ಬದಿಗೆ ಸರಿಸಿದರು. "ಮೊದ್ಲೇ ಹೇಳಿದ್ರೆ ನಾನ್ ಬೇಡ ಅಂತಿರ್ಲಿಲ್ಲೆ," ಎಂದರು. "ಅದೇ ನಂಗೆ ಬೇಜಾರ್." ಒಳಗೆ ಹೋಗಿ ಅಕ್ಕನನ್ನು ನೋಡಿ ಬಂದರು. ಹೋಗುವಾಗ ಯಾರಿಗೂ ಬರುತ್ತೇನೆ ಎನ್ನಲಿಲ್ಲ. ಅವರು ಹೇಳಿದ್ದು ನಿಜವೋ, ಆಗಿಹೋದ ಮೇಲೆ ಹಾಗೆ ಅನ್ನಿಸಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಆ ದಿನದಿಂದ ಜೋಕಾಲಿಯಲ್ಲಿ ಕೂರುವುದನ್ನು ಬಿಟ್ಟಳು.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಅಕ್ಕನಿಗೆ ನೋವು ಶುರುವಾಯಿತು. ಮಧ್ಯಾಹ್ನ ಮಣಿಪಾಲದಲ್ಲಿ ಹೆಣ್ಣುಮಗು ಹುಟ್ಟಿತು. ಮೊದಲೇ ಪ್ಲಾಸ್ಮಾ ಕೊಟ್ಟಿದ್ದರಿಂದ ರಕ್ತ ಹೇಗೋ ಹಿಡಿತಕ್ಕೆ ಬಂತು. ಆದರೆ ವಾರದ ಮೇಲೆ, ಇನ್ನೇನು ಮನೆಗೆ ಕಳಿಸುತ್ತಾರೆ ಎನ್ನುವಾಗ, ಒಂದು ಬೆಳಿಗ್ಗೆ ಅಕ್ಕ ಮಗುವಿಗೆ ಹಾಲು ಕೊಡುತ್ತಿದ್ದವಳು ನನ್ನನ್ನು ಕರೆದು ಕಾಲ ಕೆಳಗೆ ತೋರಿಸಿದಳು. ಹಾಸಿಗೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಅವಳು ಕೂಗಲಿಲ್ಲ. "ಶಿಶು ಹಿಡ್ಕೊ," ಎಂದಳು ಅಷ್ಟೇ.

ನರ್ಸುಗಳು ಮಂಚ ಸಮೇತ ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ರಕ್ತ ಬೇಕು, ಕೊಡುವವರು ಬೇಕು ಎಂದರು. ಅಪ್ಪ ಫೋನು ಮಾಡಿ ಗಂಗೊಳ್ಳಿಗೆ ಸುದ್ದಿ ಮುಟ್ಟಿಸಿದರು. ಹೊರಡಲು ಐಸು ತುಂಬಿ ನಿಂತಿದ್ದ ಬೋಟನ್ನು ಅಲ್ಲೇ ಕಟ್ಟಿ, ಅಪ್ಪನ ಜೊತೆಯವರೆಲ್ಲ ಟೆಂಪೋದಲ್ಲಿ ಬಂದಿಳಿದರು. ಮೈಯಲ್ಲಿ ಡೀಸೆಲ್ ವಾಸನೆ, ಕಾಲಿಗೆ ಚಪ್ಪಲಿಯಿಲ್ಲ. ಸಾಲಾಗಿ ಕೈ ಚಾಚಿದರು. ಆ ಸಾಲಿನಲ್ಲಿ ಉಪ್ಪುಂದದಿಂದ ಬಂದ ಭಾವನೂ ಇದ್ದರು. ಅಣ್ಣ ಮಾತ್ರ ಬೆಂಚಿನಲ್ಲಿ ಕೂತು ತನ್ನ ಅಂಗಿಯ ತೋಳನ್ನು ಕೆಳಗೆಳೆಯುತ್ತಾ, ಮೇಲೆ ಮಡಚುತ್ತಾ ಇದ್ದ. ಅವನ ರಕ್ತ ಯಾರಿಗೂ ಬೇಡವಾಗಿತ್ತು. ಸೂಜಿ ಚುಚ್ಚಿಸಿಕೊಂಡು ಬಂದ ಭಾವ ಅವನ ಪಕ್ಕದಲ್ಲೇ ಕೂತರು. ಕತ್ತಲಾಗುವ ಮೊದಲು ಡಾಕ್ಟರು ಹೊರಗೆ ಬಂದು, ನಿಂತಿದೆ ಎಂದರು.

ಮಗುವಿನ ಹೆಸರಿಡುವ ದಿನ ಅಕ್ಕನ ಅತ್ತೆ ಬಂದರು. ಮಗುವನ್ನು ಮಡಿಲಿಗೆ ಹಾಕಿಕೊಂಡು, "ಹೆಣ್ಣ್ ಅಲ್ದಾ, ಬಚಾವ್," ಎಂದರು. ಅಕ್ಕ ನನ್ನನ್ನು ನೋಡಿದಳು. ಬಚಾವೋ ಅಲ್ಲವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಕ್ಕನ ಎರಡರಲ್ಲಿ ಯಾವುದು ಮಗುವಿಗೆ ಹೋಗಿದೆಯೋ, ಹೋದದ್ದರಲ್ಲಿ ಎಷ್ಟು ಮುಚ್ಚಿದೆಯೋ.

ಅಕ್ಕ ಉಪ್ಪುಂದಕ್ಕೆ ವಾಪಸು ಹೋದದ್ದು ಮುಂದಿನ ಮಳೆಗಾಲ ಕಳೆದ ಮೇಲೆ, ಭಾವ ತಾವಾಗಿ ಬಂದು ಕರೆದಾಗ. ಇನ್ನೊಂದು ಮಗು ಬೇಡ ಎಂದು ಡಾಕ್ಟರು ಹೇಳಿದ್ದರು, ಅದಕ್ಕೆ ಆ ಮನೆಯಲ್ಲಿ ಅವಳು ಬಹಳ ಮಾತು ಕೇಳಿದಳು. ಅವಳ ಅತ್ತೆ ನಮ್ಮ ಮನೆಯಲ್ಲಿ ಮತ್ತೆ ಊಟಕ್ಕೆ ಕೂರಲಿಲ್ಲ. ಮಗಳು ಶ್ರಾವ್ಯ ಈಗ ಕಾಲೇಜಿನಲ್ಲಿದ್ದಾಳೆ, ಅವಳ ರಕ್ತ ಸದ್ಯಕ್ಕೆ ಸರಿಯಾಗಿದೆ. ನನಗೆ ಬಂದ ಗಂಡುಗಳಿಗೆಲ್ಲ ನಾನು ಮೊದಲ ಮಾತಿನಲ್ಲೇ ಮನೆಯ ಕಾಯಿಲೆ ಹೇಳಿದೆ. ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಮೇಲೆ ನಾನೇ ಬೇಡವೆಂದೆ.

ಆ ಮಳೆಗಾಲ ಮುಗಿದದ್ದು ಸೆಪ್ಟೆಂಬರಿನ ಒಂದು ದಿನ, ಮಣಿಪಾಲದಲ್ಲಿ. ಅಕ್ಕನನ್ನು ಮತ್ತೊಮ್ಮೆ ತೋರಿಸಲು ಕರೆದುಕೊಂಡು ಹೋಗಿದ್ದೆವು, ಅಮ್ಮನೂ ಬಂದಿದ್ದಳು. ತಂಗಿಯ ರಕ್ತವನ್ನೂ ನೋಡಿಬಿಡುವ ಎಂದರು ಆ ವಯಸ್ಸಾದ ಡಾಕ್ಟರು. ನಾನು ಕೈ ಚಾಚಿದೆ. ಒಂದು ವಿಷಯ ನೆನಪಿಟ್ಟುಕೋ ಎಂದರು ಅವರು. ನಿನ್ನ ರಕ್ತ ಚೆನ್ನಾಗಿದೆ ಎಂದು ಬಂದರೂ ನಿನ್ನಲ್ಲಿ ಅದು ಇಲ್ಲ ಎಂದು ಅರ್ಥವಲ್ಲ, ಕೆಟ್ಟದ್ದೇ ಮುಚ್ಚಿಕೊಂಡಿರಬಹುದು. ವರದಿ ಚೆನ್ನಾಗಿಯೇ ಬಂತು. ನಾನು ಹೊತ್ತಿದ್ದೇನೋ ಇಲ್ಲವೋ, ಅದು ನನಗೆ ಇನ್ನೂ ತಿಳಿದಿಲ್ಲ.

ನಾನು ಹತ್ತಿಯನ್ನು ಒತ್ತಿಕೊಂಡು ಏಳುವಷ್ಟರಲ್ಲಿ ಅಮ್ಮ ಆ ಸ್ಟೂಲಿನ ಮೇಲೆ ಬಂದು ಕೂತಳು. ಯಾರೂ ಅವಳನ್ನು ಕರೆದಿರಲಿಲ್ಲ. ರವಿಕೆಯ ತೋಳನ್ನು ಮೇಲೆ ಸರಿಸಿದಳು.

"ನಂದೂ ಕಾಣಿ," ಎಂದಳು.

ಡಾಕ್ಟರು ನರ್ಸಿಗೆ ಸನ್ನೆ ಮಾಡಿದರು. ಸೂಜಿ ಒಳಗೆ ಹೋಗುತ್ತಿದ್ದಾಗ ಮೆಲ್ಲಗೆ ಕೇಳಿದರು, ನಿಮ್ಮ ಹೆರಿಗೆಗಳಲ್ಲಿ ರಕ್ತ ಹೆಚ್ಚು ಹೋಗಿತ್ತಾ ಎಂದು. ಅಮ್ಮ ಎರಡು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ಉತ್ತರ ಕೊಟ್ಟದ್ದು ಡಾಕ್ಟರಿಗಲ್ಲ, ನನಗೆ.

"ಮೂರ್ ಸಲವೂ ರಕ್ತದ್ ಚಾಪೆ ಹೊಳಿಗ್ ಬಿಟ್ಟ್ ಬಂದಿದ್ರ್ ಹೆಣೆ. ತಿಂಗ್ಳ್‌ಗಟ್ಲೆ ಎದ್ದ್ ನಿಲ್ಲುಕೆ ಆತಿರ್ಲಿಲ್ಲೆ. ಎಲ್ಲಾ ಹೆಂಗ್ಸ್ರಿಗೂ ಹೀಂಗೇ ಅಂದ್ಕಂಡಿದ್ದೆ."